ಆಂಟಿ ಹತ್ತಿದ ಮೆಟ್ಟಿಲು

ಅವರ ಬಲಮಂಡಿಯ ಮೇಲೆ ಗೇಣುದ್ದದ ಗಾಯದ ಗೆರೆಯಿತ್ತು. ದಿನಾ ಬೆಳಿಗ್ಗೆ ಅದಕ್ಕೆ ಬೆಚ್ಚಗಿನ ಕೊಬ್ಬರಿ ಎಣ್ಣೆ ತಿಕ್ಕಿ, ಸೀರೆ ಇಳಿಬಿಟ್ಟು, "ಏಳಪ್ಪಾ, ಡ್ಯೂಟಿ ಟೈಮಾಯ್ತು" ಎಂದು ಕಾಲಿಗೇ ಹೇಳಿ ಎದ್ದು ನಿಲ್ಲುತ್ತಿದ್ದರು. ಇಂಗ್ಲೆಂಡಿನ ಕೊವೆಂಟ್ರಿಯಲ್ಲಿ ನಮ್ಮ ಗೋಡೆಗೆ ಅಂಟಿಕೊಂಡ ಮನೆ ಅವರದು. ಮೈಸೂರಿನವರು, ಆಸ್ಪತ್ರೆಯ ಲ್ಯಾಬಿನಲ್ಲಿ ದುಡಿದು ನಿವೃತ್ತರಾದವರು. ನಾನು ಆಂಟಿ ಎನ್ನುತ್ತಿದ್ದೆ.

ಮಂಡಿಯ ಆಪರೇಷನ್ ಆದಮೇಲೆ ಲೀಡ್ಸಿನ ಮಗಳು ಒಂದೇ ಹಟ ಹಿಡಿದಳು: ಈ ಮನೆ ಮಾರಿ, ತನ್ನ ಹತ್ತಿರದ ಬಂಗಲೋಗೆ ಬರಬೇಕು. ಇಲ್ಲಿ ಬಂಗಲೋ ಎಂದರೆ ದೊಡ್ಡ ಬಂಗಲೆಯಲ್ಲ, ಮಹಡಿಯಿಲ್ಲದ ಪುಟ್ಟ ಮನೆ. ಆಂಟಿ ಒಪ್ಪಲಿಲ್ಲ. ಅದೇ ಸಮಯಕ್ಕೆ ಮಗಳು ಗ್ರೀಸಿನ ಸ್ಯಾಂಟೊರಿನಿ ದ್ವೀಪಕ್ಕೆ ರಜೆ ಬುಕ್ ಮಾಡಿದಳು. ಅಲ್ಲಿ ಹಳೇ ಬಂದರಿನಿಂದ ಊರಿಗೆ ಐನೂರಕ್ಕೂ ಹೆಚ್ಚು ಮೆಟ್ಟಿಲು ಎಂದು ಫೋನಿನಲ್ಲಿ ಓದಿದ ಆಂಟಿ ತಲೆಯೆತ್ತಿದರು.

"ಅಷ್ಟೂ ನಾನು ಹತ್ತಿದ್ರೆ ಮನೆ ಮಾರೋ ಮಾತು ಎತ್ತಕೂಡ್ದು. ಹತ್ತಕ್ಕಾಗ್ಲಿಲ್ವಾ, ಮಾರಾಟಕ್ಕಿದೆ ಅಂತ ಬೋರ್ಡ್ ಹಾಕ್ಸು. ಸರೀನಾ?"

"ಫೈನ್, ಅಮ್ಮ," ಎಂದ ಮಗಳು ನನ್ನತ್ತ ತಿರುಗಿ, "ಯೂ ಆರ್ ದ ವಿಟ್ನೆಸ್" ಎಂದು ನನ್ನನ್ನೂ ಹೊರಡಿಸಿದಳು.

ಮೂರು ತಿಂಗಳು ಮನೆಯ ಮೆಟ್ಟಿಲ ಮೇಲೇ ತಾಲೀಮು. ಫಿಸಿಯೋ ಕಲಿಸಿದ್ದನ್ನು ಮಗ್ಗಿಯಂತೆ ಒಪ್ಪಿಸುತ್ತಿದ್ದರು: "ಹತ್ತೋವಾಗ ಒಳ್ಳೇ ಕಾಲು ಮುಂದೆ, ಇಳಿಯೋವಾಗ ಆಪರೇಷನ್ ಕಾಲು."

ಬೆಂಕಿಯುಗುಳಿ ಕುಸಿದ ಬೆಟ್ಟದಲ್ಲಿ ಉಳಿದ ಅಂಚೇ ಆ ದ್ವೀಪ. ಕೆಳಗೆ ನೀಲಿ ಸಮುದ್ರ, ಕಡಿದಾದ ಕರಿಬಂಡೆಯ ನೆತ್ತಿಯಲ್ಲಿ ಅನ್ನ ಚೆಲ್ಲಿದಂತೆ ಬಿಳಿ ಮನೆಗಳು.

"ಕೆಳಗೆ ಬೆಂಕಿ ಇಟ್ಕೊಂಡು ಮೇಲೆ ಮನೆ ಕಟ್ಟಿದಾರಲ್ಲೇ! ಇವ್ರಿಗೆ ಯಾರೂ ಬಂಗಲೋ ತಗೊಳ್ಳಿ ಅನ್ನಲ್ವಾ?"

ಮಗಳು ಕೇಳಿಸದವಳಂತೆ ಸನ್‌ಸ್ಕ್ರೀನ್ ಹಚ್ಚಿಕೊಂಡಳು.

ಕೇಬಲ್ ಕಾರಿನಲ್ಲಿ ಬಂದರಿಗೆ ಇಳಿದೆವು. ಮೊದಲ ಮೆಟ್ಟಿಲ ಬಳಿ ಆಂಟಿ ಚೀಲದಿಂದ ಕುಂಕುಮದ ಡಬ್ಬಿ ತೆಗೆದರು. ಚಾಮುಂಡಿ ಬೆಟ್ಟಕ್ಕೆ ಹರಕೆ ಹೊತ್ತವರು ಮೆಟ್ಟಿಲು ಮೆಟ್ಟಿಲಿಗೂ ಕುಂಕುಮವಿಟ್ಟು ಹತ್ತುತ್ತಾರಲ್ಲ, ಹಾಗೆ.

"ಇದೇನು ಬೆಟ್ಟಾನಾ ಆಂಟಿ?" ಎಂದೆ.

"ಮತ್ತೇನು ಬಯಲಾ? ಸುಮ್ನೆ ಬಾ."

ಹತ್ತುವುದು, ಬಗ್ಗುವುದು, ಬೊಟ್ಟಿಡುವುದು. ನೂರಿಪ್ಪತ್ತು ಮೆಟ್ಟಿಲು ಹೀಗೇ ಸಾಗಿತು. ಅಷ್ಟರಲ್ಲಿ ಕೆಳಗಿನಿಂದ ಯಾರೋ ಹೇಸರಗತ್ತೆ ಎಳೆದುಕೊಂಡು ಕೂಗುತ್ತಾ ಏದುಸಿರಿನಲ್ಲಿ ಬಂದ. ಪ್ರವಾಸಿಗರನ್ನು ಹೇಸರಗತ್ತೆಯ ಮೇಲೆ ಕೂರಿಸಿ ಮೇಲೆ ತರುವವನು. ಸಾಲಾಗಿ ಕೆಂಪು ಹನಿ ಕಂಡು, ಯಾರೋ ಮುದುಕಿಗೆ ರಕ್ತ ಸೋರುತ್ತಿದೆ ಎಂದುಕೊಂಡಿದ್ದಾನೆ! ಆಂಟಿಯ ಕಾಲನ್ನೂ ಹೇಸರಗತ್ತೆಯ ಜೀನನ್ನೂ ತೋರಿಸಿ, "ಸಿಟ್, ಸಿಟ್!" ಎಂದ.

"ಜಸ್ಟ್ ಸಿಟ್, ಅಮ್ಮ! ಲುಕ್ ಅಟ್ ಯುವರ್ ನೀ!" ಎಂದಳು ಮಗಳು. ಬಗ್ಗಿ ಬಗ್ಗಿ ಮಂಡಿ ನಿಜಕ್ಕೂ ಊದಿಕೊಂಡಿತ್ತು.

"ರಕ್ತ ಅಲ್ಲಪ್ಪ, ಕುಂಕುಮ," ಎಂದು ಆಂಟಿ ಅವನಿಗೆ ಕನ್ನಡದಲ್ಲೇ ಹೇಳಿ ಡಬ್ಬಿ ತೋರಿಸಿದರು. ಅವನು ಮೂಸಿ ನೋಡಿ, ನಕ್ಕು, ಹೇಸರಗತ್ತೆಯನ್ನು ಪಕ್ಕಕ್ಕೆ ಎಳೆದುಕೊಂಡ. ಆಂಟಿ ತುಸು ಹೊತ್ತು ಮೇಲೆ ನೋಡಿದರು. ಡಬ್ಬಿ ಮುಚ್ಚಿ ನನ್ನ ಕೈಗಿಟ್ಟರು.

"ಬಗ್ಗೋದೂ ಹತ್ತೋದೂ ಎರಡೂ ಆಗಲ್ಲ ಕಣೇ. ಚಾಮುಂಡಿ ಅರ್ಥ ಮಾಡ್ಕೋತಾಳೆ, ಇವಳು ಮಾಡ್ಕೊಳಲ್ಲ," ಎಂದು ಮಗಳತ್ತ ಗದ್ದ ಚಾಚಿ, ಒಳ್ಳೇ ಕಾಲು ಮುಂದಿಟ್ಟರು.

ಆಮೇಲೆ ತಿರುವಿಗೊಮ್ಮೆ ಗೋಡೆಗೊರಗಿ ಗುಟುಕು ನೀರು, ಮತ್ತೆ ಹತ್ತುವುದು. ಎರಡು ಗಂಟೆ ಹಿಡಿಯಿತು. ಕೊನೆಯ ಮೆಟ್ಟಿಲಲ್ಲಿ ನಿಂತು, ಹಿಂದೆ ಬೆವರು ಒರೆಸಿಕೊಳ್ಳುತ್ತಿದ್ದ ಮಗಳಿಗಾಗಿ ಕಾದರು.

"ಮಾರಲ್ಲ, ಅಮ್ಮ," ಎಂದಳು ಅವಳು, ಕನ್ನಡದಲ್ಲಿ.

ಅದಾದ ಮೇಲೆ ಐದು ವರ್ಷ ಆಂಟಿ ಅದೇ ಮನೆಯ ಮಹಡಿಯ ಕೋಣೆಯಲ್ಲೇ ಮಲಗಿದರು. ಈ ಚಳಿಗಾಲದ ಒಂದು ಬೆಳಿಗ್ಗೆ ಅಲ್ಲೇ ತೀರಿಕೊಂಡರು. ಮೆಟ್ಟಿಲು ಇಕ್ಕಟ್ಟು, ಒಯ್ಯಲು ಬಂದವರಿಗೆ ದಾರಿ ಬಿಟ್ಟು ನಾನೂ ಮಗಳೂ ಕೆಳಗೆ ಗೋಡೆಗೊತ್ತಿ ನಿಂತೆವು. ಆ ಮೆಟ್ಟಿಲನ್ನು ಆಂಟಿ ಬೇರೆಯವರ ಕೈಯಲ್ಲಿ ಇಳಿದದ್ದು ಅದೊಂದೇ ಸಲ.