ಹಾಜರಿ ಪಟ್ಟಿಯ ನಾಲ್ಕು ಹೆಸರುಗಳು

ಬೆಳಗಾವಿಯಿಂದ ಬೈಲಹೊಂಗಲದ ಬಸ್ಸು ಬೆಳಿಗ್ಗೆ ಏಳೂಕಾಲಿಗೆ ಹೊರಟಿತು. ಫೆಬ್ರವರಿಯ ಕೊನೆಯ ವಾರ. ಬಸ್ಸಿನಲ್ಲಿದ್ದ ಹೆಂಗಸರೆಲ್ಲ ಆಧಾರ ಕಾರ್ಡು ತೋರಿಸಿ ಪುಕ್ಕಟೆ ಟಿಕೆಟು ಪಡೆದರು. ನನ್ನ ಕಾರ್ಡಿನಲ್ಲಿ ಬೇರೆ ರಾಜ್ಯದ ವಿಳಾಸವಿದ್ದುದರಿಂದ ನಾನೊಬ್ಬಳೇ ಅರವತ್ತು ರೂಪಾಯಿ ಕೊಟ್ಟೆ. ಹುಟ್ಟಿದ್ದು ಹುಬ್ಬಳ್ಳಿಯಾದರೂ ಇಪ್ಪತ್ತೆರಡು ವರ್ಷಗಳಿಂದ ಪಶ್ಚಿಮ ಕರಾವಳಿಯ ಒಂದು ಬಂದರಿನಲ್ಲಿ ಕಾರ್ಮಿಕ ಸಂಘದ ಕಾಗದಪತ್ರ ನೋಡಿಕೊಂಡು ಇದ್ದೇನೆ.

ಎಂಟು ದಿನಗಳ ಹಿಂದೆ ನಮ್ಮ ಬಂದರಿನಲ್ಲಿ ಒಬ್ಬ ಕೆಲಸಗಾರ ಕಲ್ಲಿದ್ದಲಿನ ಹಡಗಿನ ಒಡಲಿಗೆ ಇಳಿಯುವಾಗ ಏಣಿಯಿಂದ ಬಿದ್ದು ಸತ್ತಿದ್ದ. ಗುತ್ತಿಗೆದಾರನ ಹಾಜರಿ ಪಟ್ಟಿಯಲ್ಲಿ ಅವನ ಹೆಸರು ಮಲ್ಲಪ್ಪ, ಊರು ಬೈಲಹೊಂಗಲ. ಪೊಲೀಸರು ಬರುವ ಮೊದಲೇ ಅದೇ ಪಟ್ಟಿಯ ಉಳಿದ ಮೂವರು ಓಡಿಹೋಗಿದ್ದರು. ಹೆಣ ಆಸ್ಪತ್ರೆಯ ಶವಾಗಾರದಲ್ಲಿತ್ತು. ಕೇಳಿಕೊಂಡು ಯಾರೂ ಬಂದಿರಲಿಲ್ಲ.

ಹಿಂದೆ ಡಾಕಿನ, ಎಂದರೆ ಹಡಗುಕಟ್ಟೆಯ ಕಾರ್ಮಿಕರಿಗೆ ನೋಂದಣಿ ಪುಸ್ತಕ ಇರುತ್ತಿತ್ತು. ಅದರಲ್ಲಿ ಫೋಟೊ, ಹೆಬ್ಬೆಟ್ಟು, ಸರದಿಯ ಸಂಖ್ಯೆ. ಹಡಗು ಬಾರದ ದಿನವೂ ಹೋಗಿ ನಿಂತರೆ ಕಾನೂನಿನ ಪ್ರಕಾರ ಹಾಜರಿಯ ಕೂಲಿ ಸಿಗುತ್ತಿತ್ತು. ಈಗ ಬಹುಪಾಲು ಕೆಲಸ ಗುತ್ತಿಗೆಯದು. ಪ್ರತಿಯೊಬ್ಬನಿಗೂ ನೇಮಕ ಪತ್ರ, ಕೂಲಿಯ ಚೀಟಿ ಕೊಡಬೇಕೆಂದು ಕಾನೂನು ಈಗಲೂ ಹೇಳುತ್ತದೆ. ಆದರೆ ಗೇಟಿನೊಳಗೆ ನಡೆಯುವುದು ಆ ಹಾಜರಿ ಪಟ್ಟಿ. ಅದರ ನಕಲು ನನ್ನ ಚೀಲದಲ್ಲಿತ್ತು, ಪೊಲೀಸರು ತೆಗೆದ ಸತ್ತವನ ಮುಖದ ಫೋಟೊ ಮೊಬೈಲಿನಲ್ಲಿ.

ಬೈಲಹೊಂಗಲದಲ್ಲಿ ವಿಳಾಸ ಹುಡುಕುವುದು ಕಷ್ಟವಾಗಲಿಲ್ಲ. ಮಲ್ಲಪ್ಪನ ಅಣ್ಣ ಗುರಪ್ಪ ಹಿಟ್ಟಿನ ಗಿರಣಿ ನಡೆಸುತ್ತಿದ್ದ. ಹುಬ್ಬು, ರೆಪ್ಪೆಯೆಲ್ಲ ಜೋಳದ ಹಿಟ್ಟಿನಿಂದ ಬೆಳ್ಳಗಾಗಿದ್ದ ಮನುಷ್ಯ. ತಮ್ಮನ ಹೆಸರು ಹೇಳಿದ್ದೇ ಗಿರಣಿ ನಿಲ್ಲಿಸಿದ. ಅಷ್ಟು ಹೊತ್ತಿನ ಗದ್ದಲ ನಿಂತಾಗ ಕಿವಿಯೇ ಕೆಟ್ಟಂತಾಯಿತು.

“ಸಮಾಧಾನ ಮಾಡ್ಕೋರಿ. ಮಲ್ಲಪ್ಪ ತೀರಿಕೊಂಡಾರ,” ಎಂದೆ.

“ಗೊತ್ತೈತಲ್ರಿ ಅಕ್ಕಾರ,” ಎಂದ ಗುರಪ್ಪ. “ಅಂವ ಸತ್ತು ಏಳು ವರ್ಷ ಆತು. ಕಾಮಣಿ ಬ್ಯಾನಿ ಆಗಿ ಹೋದ, ಈ ಕೈಯಾಗ ಮಣ್ಣು ಕೊಟ್ಟೇನಿ.”

ಹಾಜರಿ ಪಟ್ಟಿ ಕೊಟ್ಟೆ. ಅವನು ಕಣ್ಣಿನ ಹತ್ತಿರ ಹಿಡಿದು ಓದಿದ. ಹೋದ ತಿಂಗಳು ಮಲ್ಲಪ್ಪ ಇಪ್ಪತ್ತಾರು ಪಾಳಿ ಮಾಡಿದ್ದ. ಕೊನೆಯಲ್ಲಿದ್ದ ಸಹಿಯ ಮೇಲೆ ಗುರಪ್ಪನ ಬೆರಳು ನಿಂತಿತು.

“ಮಲ್ಲಪ್ಪ ಅಂತ ಬರದು ಕೆಳಗ ಹಿಂಗ ಎರಡು ಗೆರಿ ಎಳೀತಿದ್ದ. ಅವಂದ ಸಹಿ ಇದ್ದಂಗ ಐತಲ್ರಿ ಇದು.”

ಫೋಟೊ ತೋರಿಸಿದಾಗ ತಲೆಯಲ್ಲಾಡಿಸಿದ. ಈ ಮುಖ ಅವನು ಎಂದೂ ನೋಡಿದ್ದಲ್ಲ. ನಾನು ಬೀದಿಯ ತಿರುವು ದಾಟುವವರೆಗೂ ಗಿರಣಿ ಮತ್ತೆ ಶುರುವಾದ ಸದ್ದು ಕೇಳಲಿಲ್ಲ.

ಹಾಗಾದರೆ ಶವಾಗಾರದಲ್ಲಿದ್ದವನು ಯಾರು? ಓಡಿಹೋದ ಮೂವರಲ್ಲಿ ಒಬ್ಬನಾದರೂ ಹೇಳಬೇಕು. ಪಟ್ಟಿಯ ಎರಡನೆಯ ಹೆಸರು ದೇಗಾಂವದ ಅಶೋಕ. ಕಿತ್ತೂರಿಗೆ ಬಸ್ಸಿನಲ್ಲಿ ಹೋದೆ. ನಿಲ್ದಾಣದ ಹೋಟೆಲಿನಲ್ಲಿ ಉಪ್ಪಿಟ್ಟು ತಿಂದು, ಇಪ್ಪತ್ತು ರೂಪಾಯಿಗೆ ಟಂಟಂ ಆಟೊ ಹತ್ತಿದೆ. ದೇಗಾಂವದಲ್ಲಿ ಕಮಲ ನಾರಾಯಣ ಗುಡಿಯ ಕಲ್ಲುಗಳು ಬಿಸಿಲಿಗೆ ಕಾದಿದ್ದವು. ಅಶೋಕನ ಮನೆಯಲ್ಲಿ ಅವನ ತಾಯಿ ಕಾಶವ್ವ, ಹೆಂಡತಿ ಸುಜಾತಾ ಇಬ್ಬರೇ ಇದ್ದರು. ಗೋಡೆಯ ಮೇಲೆ ಬುದ್ಧನ ಪಟ, ಅದರ ಪಕ್ಕದಲ್ಲಿ ಹಾರ ಹಾಕಿದ ಒಂದು ಫೋಟೊ. ಕೇಳುವ ಮೊದಲೇ ನನಗೆ ಉತ್ತರ ತಿಳಿಯಿತು.

“ನಾಕು ವರ್ಷ ಆತ್ರಿ,” ಎಂದಳು ಸುಜಾತಾ.

“ನೀ ಸುಮ್ನಿರು,” ಎನ್ನುತ್ತ ಕಾಶವ್ವ ಸೆರಗಿನಿಂದ ಒಂದು ಹಳೆಯ ಮೊಬೈಲು ತೆಗೆದಳು. “ನನ್ನ ಮಗ ದುಡಿಯಾಕ ಹತ್ಯಾನ. ತಿಂಗಳಾ ತಿಂಗಳಾ ಸುದ್ದಿ ಬರತೈತಿ. ಓದ್ರಿ ಬಾಯಾರ.”

ಓದಿದೆ. ಅಶೋಕನ ಭವಿಷ್ಯನಿಧಿ ಖಾತೆಗೆ ಜನವರಿಯ ಕಂತು ಜಮಾ ಆಗಿದೆಯೆಂಬ ಸಂದೇಶ. ಅದರ ಹಿಂದೆ ಡಿಸೆಂಬರಿನದು, ನವೆಂಬರಿನದು. ಮೇಲಕ್ಕೆ ಸರಿಸಿದಷ್ಟೂ ಇದ್ದವು. ಸತ್ತವನು ಒಂದು ತಿಂಗಳೂ ರಜೆ ಮಾಡಿರಲಿಲ್ಲ. ಮುದುಕಿ ನಾಲ್ಕು ವರ್ಷದಿಂದ ಆ ಫೋನನ್ನು ಚಾರ್ಜು ಮಾಡಿ ಇಟ್ಟುಕೊಂಡಿದ್ದಳು.

ಫೋಟೊ ತೋರಿಸಬಾರದಿತ್ತು. ಆದರೂ ತೋರಿಸಿದೆ. ಕಾಶವ್ವ ತಡಮಾಡದೆ ಹೇಳಿದಳು, “ಹೂಂ. ಇಂವನ ನನ್ನ ಮಗ. ಮಲಗ್ಯಾನಲ್ಲ.”

“ಅತ್ತಿ, ಅದು ಅವರಲ್ಲ,” ಎನ್ನುತ್ತ ಸುಜಾತಾ ನನ್ನ ಕೈಯಿಂದ ಮೊಬೈಲನ್ನು ಮೆಲ್ಲಗೆ ಆಚೆ ಸರಿಸಿದಳು.

ಧಾರವಾಡದ ಮೇಲೆ ಹಾದು ಸವದತ್ತಿಗೆ ಮುಟ್ಟುವಾಗ ಹೊತ್ತು ಮುಳುಗಿತ್ತು. ಲಾಡ್ಜಿನ ಪುಸ್ತಕದಲ್ಲಿ ಹೆಸರು ಬರೆಯುವಾಗ, ನನ್ನದೇ ಸಹಿಯನ್ನು ಯಾಕೋ ಎರಡು ಸಲ ನೋಡಿಕೊಂಡೆ.

ಮರುದಿನ ಮುಂಜಾನೆ ಯರಗಟ್ಟಿ. ಮೂರನೆಯವನು ಬಸವರಾಜ, ಮೊದಲು ಅಲ್ಲಿಯ ಪೇಟೆಯಲ್ಲಿ ಹಮಾಲಿ ಮಾಡುತ್ತಿದ್ದವನು. ಗೋವಿನಜೋಳದ ಚೀಲಗಳ ಮೇಲೆ ಕೂತು ಚಹಾ ಕುಡಿಯುತ್ತಿದ್ದ ಈರಪ್ಪ ಎಂಬ ಮುದಿ ಹಮಾಲನನ್ನು ವಿಚಾರಿಸಿದೆ. ಅವನು ಪಟ್ಟಿಯನ್ನು ಪಕ್ಕದ ಅಂಗಡಿಯವನಿಂದ ಓದಿಸಿ ಕೇಳಿದ.

“ಬಸವರಾಜನೂ ಇಲ್ರಿ. ಮ್ಯಾಲೆ ಹೋದ. ಈ ನಾಕೂ ಮಂದಿ ಒಂದ ಗ್ಯಾಂಗಿನವರು. ಕೂಲಿ ಮಂದಿ ಕೂಡಿಸೂ ಒಬ್ಬ ಮುಕಾದಮ ಇವರನ್ನ ಡಾಕಿಗೆ ಕರಕೊಂಡು ಹೋಗಿದ್ದ. ಒಬ್ಬೊಬ್ಬರ ಸತ್ತರು. ಗೇಟ್ ಪಾಸ್ ಮಾತ್ರ ಅವನ ಕಡೇನ ಉಳದಾವ.”

“ಅವೇ ಪಾಸಿನ ಮ್ಯಾಲೆ ಹೊಸಾ ಮಂದೀನ ಒಳಗ ಬಿಡತಾರೇನು?”

“ಹೂಂ ಮತ್ತ. ಹಳೇ ಅರ್ಜಿ ಮುಂದಿಟ್ಟು ಸಹಿನೂ ಕಲಿಸ್ತಾರ. ಸತ್ತವರು ಕೂಲಿ ಹೆಚ್ಚು ಮಾಡು ಅನ್ನೂದಿಲ್ಲ, ಸಂಘ ಕಟ್ಟೂದಿಲ್ಲ.” ಈರಪ್ಪ ಚಹಾದ ಕಪ್ಪು ಕೆಳಗಿಟ್ಟ. “ಈಗ ಹೋಗೂ ಹುಡುಗರು ತೊರಗಲ್ ಕಡೆಯವರು ಅಂತ ಕೇಳೇನಿ.”

ಪಟ್ಟಿಯ ನಾಲ್ಕನೆಯ ಹೆಸರೂ ತೊರಗಲ್ಲಿನದೇ, ಹನಮಂತ. ರಾಮದುರ್ಗಕ್ಕೆ ಹೋಗುವ ಬಸ್ಸಿನಲ್ಲಿ ಕಿಟಕಿಯ ಪಕ್ಕ ಕೂತೆ. ಎರಡೂ ಕಡೆ ಬಿಳಿಜೋಳ ತೆನೆಗಟ್ಟಿ ನಿಂತಿತ್ತು, ಹೊಲದಲ್ಲಿ ಒಬ್ಬ ಮನುಷ್ಯನೂ ಕಾಣಲಿಲ್ಲ. ರಾಮದುರ್ಗದಲ್ಲಿ ರೊಟ್ಟಿ, ಬದನೆಕಾಯಿ ಪಲ್ಯ ಉಂಡು ಇನ್ನೊಂದು ಬಸ್ಸು ಹಿಡಿದು ತೊರಗಲ್ಲಿಗೆ ಇಳಿದಾಗ ಒಂದು ಗಂಟೆ.

ಕೋಟೆಯ ಬಾಗಿಲು ದಾಟಿ ಓಣಿಗೆ ಹೊಕ್ಕೆ. ಬಿಸಿಲಿಗೆ ನಾಯಿಗಳೂ ಮಲಗಿದ್ದವು. ಕಟ್ಟೆಯ ಮೇಲೆ ಶೇಂಗಾ ಸುಲಿಯುತ್ತಿದ್ದ ಒಬ್ಬ ಹೆಂಗಸನ್ನು ಹನಮಂತನ ಮನೆ ಯಾವುದೆಂದು ಕೇಳಿದೆ. ಅವಳು ನನ್ನತ್ತ ನೋಡದೆ ಗದ್ದದಿಂದ ಊರ ಹೊರಗಿನ ಮಸಣದ ಕಡೆ ತೋರಿಸಿ ಎದ್ದು ಒಳಗೆ ಹೋದಳು. ಚಿಲಕ ಬಿದ್ದ ಸದ್ದಾಯಿತು. ಅದರ ಹಿಂದೆಯೇ ಇನ್ನೂ ಎರಡು ಮನೆಯ ಬಾಗಿಲು ಮುಚ್ಚಿದವು.

ತಿರುಗಿ ನಡೆದೆ. ಹಿಂದೆ ಹೆಜ್ಜೆಯ ಸದ್ದು ಕೇಳಿಸಿತು. ನಿಂತರೆ ಅದೂ ನಿಂತಿತು. ಮತ್ತೆ ನಡೆದೆ, ಮತ್ತೆ ಕೇಳಿಸಿತು. ಕೋಟೆಯ ಗೋಡೆಯ ನೆರಳಿಗೆ ಬಂದು ಥಟ್ಟನೆ ತಿರುಗಿದೆ. ಮೂವತ್ತರ ಆಸುಪಾಸಿನ ಒಬ್ಬ ಹೆಣ್ಣುಮಗಳು, ತಲೆಯ ಮೇಲೆ ಸೆರಗು.

“ನಿಮ್ಮ ಕಾಗದದಾಗ ಮಲ್ಲಪ್ಪ ಅನ್ನೂ ಹೆಸರು ಐತೇನ್ರಿ?” ಎಂದಳು.

ತೊರಗಲ್ಲಿನಲ್ಲಿ ಆ ಹೆಸರನ್ನು ನಾನು ಯಾರ ಮುಂದೆಯೂ ಎತ್ತಿರಲಿಲ್ಲ.

“ಐತಿ. ನಿಮಗ ಹೆಂಗ ಗೊತ್ತು?”

“ನನ್ನ ಹೆಸರು ರೇಣವ್ವ ರೀ. ನನ್ನ ಗಂಡ ಶಿವಾನಂದ, ಡಾಕಿಗೆ ದುಡಿಯಾಕ ಹೋಗ್ಯಾರ. ‘ಅಲ್ಲಿ ನನ್ನ ಹೆಸರು ಮಲ್ಲಪ್ಪ, ಯಾರರ ಆ ಹೆಸರು ಕೇಳಿದ್ರ ಹೂಂ ಅನ್ನು’ ಅಂದಿದ್ರು. ಒಂಬತ್ತು ದಿನದ ಹಿಂದ ಯಾರೋ ಬಾಯಾರು ಫೋನ್ ಮಾಡಿ ಮಲ್ಲಪ್ಪನ ಮನಿ ಏನ್ರಿ ಅಂದ್ರು. ನನಗ ಅಂಜಿಕಿ ಆತು. ಅಲ್ಲ ಅಂದು ಫೋನ್ ಬಂದ್ ಮಾಡಿದೆ.” ನನ್ನ ಮುಖ ದಿಟ್ಟಿಸಿದಳು. “ನಿಮ್ಮ ದನಿನ ಅಲ್ರಿ ಅದು?”

ಹೌದು. ಸಾವಿನ ದಿನ ಗುತ್ತಿಗೆದಾರನ ಮೇಸ್ತ್ರಿ ಕೊಟ್ಟ ಒಂದು ನಂಬರಿಗೆ ಫೋನ್ ಮಾಡಿದವಳು ನಾನೇ. ತಪ್ಪು ನಂಬರೆಂದು ಗೀಟು ಹಾಕಿ ಬಿಟ್ಟಿದ್ದೆ.

ಫೋಟೊ ತೋರಿಸಿದೆ. ರೇಣವ್ವ ಬಹಳ ಹೊತ್ತು ನೋಡಿದಳು. “ಇವರ ರೀ,” ಎಂದಳು, ಅಳಲಿಲ್ಲ. ನನ್ನ ಕೈ ಹಿಡಿದು ದರದರ ಮನೆಗೆ ಕರೆದೊಯ್ದಳು. ಹೊಸ್ತಿಲ ಮೇಲೆ ನಿಂತು ಒಳಗಿನ ಕತ್ತಲಿಗೆ ಕೇಳಿಸುವಂತೆ ಹೇಳಿದಳು, “ಇವರು ಹನಮಂತನ್ನ ಕೇಳಾಕ ಹತ್ತ್ಯಾರ.”

ಒಳಗೆ ಏನೋ ಸರಿದಾಡಿತು. ಅಡಿಗೆ ಮನೆಯ ಹಿಂದಿನಿಂದ ಗಂಡಸಿನ ದನಿ ಬಂತು.

“ಹನಮಂತ ಅಂದ್ರ ನಾನ ರೀ.”

ಹೊರಗೆ ಬಂದವನು ಶಿವಾನಂದನ ಅಣ್ಣ ಗಂಗಪ್ಪ, ಡಾಕಿನಲ್ಲಿ ಹನಮಂತನ ಹೆಸರಿನ ಮೇಲೆ ದುಡಿಯುತ್ತಿದ್ದವನು. ಗಡ್ಡ ಬೆಳೆದಿತ್ತು. ಉಗುರಿನ ಸಂದಿಯಲ್ಲಿ ಕಲ್ಲಿದ್ದಲಿನ ಕಪ್ಪು ಇನ್ನೂ ಹೋಗಿರಲಿಲ್ಲ. ತಮ್ಮ ಬಿದ್ದಾಗ ಏಣಿಯ ಮೇಲ್ತುದಿಯಲ್ಲಿ ಇದ್ದವನು ಅವನೇ.

“ಸುಳ್ಳು ಹೆಸರಿನ ಮ್ಯಾಲೆ ಪೊಲೀಸರು ಹಿಡೀತಾರ, ಓಡ್ರಿ ಅಂದ ಮುಕಾದಮ. ಓಡಿದೆ. ಮನೀಗೆ ಬಂದಾಗ ಇಕಿ ರೊಟ್ಟಿ ಬಡಿಯಾಕ ಹತ್ತಿದ್ಲು. ಖರೇ ಹೇಳಾಕ ಆಗಲಿಲ್ಲ. ತಮ್ಮ ಮುಂದಿನ ವಾರ ಬರತಾನ ಅಂದುಬಿಟ್ಟೆ.”

“ಒಂಬತ್ತು ದಿನ ನನ್ನ ಕೈಯಾಗ ಉಂಡ್ರಿ,” ಎಂದಳು ರೇಣವ್ವ. ಅಷ್ಟು ಹೇಳಿ ಕೂತುಬಿಟ್ಟಳು. ಆಮೇಲೆ ಅತ್ತಳು. ಓಣಿಯ ಮುಚ್ಚಿದ ಬಾಗಿಲುಗಳು ಒಂದೊಂದಾಗಿ ತೆರೆದವು.

ಮರುದಿನ ನಸುಕಿನಲ್ಲಿ ಬಾಡಿಗೆ ಜೀಪಿನಲ್ಲಿ ಹೊರಟೆವು. ನಾನು, ರೇಣವ್ವ, ಗಂಗಪ್ಪ. ಬರುವೆಯಾ ಎಂದು ಅವನನ್ನು ಯಾರೂ ಕೇಳಿರಲಿಲ್ಲ. ತಾನಾಗಿಯೇ ಬಂದು ಹಿಂದಿನ ಸೀಟಿನಲ್ಲಿ ಕೂತಿದ್ದ. ಬೆಳಗಾವಿ ದಾಟಿ ಘಟ್ಟ ಇಳಿಯುವಾಗ, “ನನ್ನ ಖರೇ ಹೆಸರಿನ ಮ್ಯಾಲೆ ಹೇಳಿಕಿ ಕೊಟ್ರ ನಡೀತೈತೇನ್ರಿ?” ಎಂದ. ನಡೆಯುತ್ತದೆ ಎಂದೆ. ಮುಂದೆ ಪರಿಹಾರದ ವಿಚಾರಣೆಯಲ್ಲಿ ಗುತ್ತಿಗೆದಾರ, ಶಿವಾನಂದ ಎಂಬ ಹೆಸರು ನಮ್ಮ ಪಟ್ಟಿಯಲ್ಲೇ ಇಲ್ಲ ಎಂದು ವಾದಿಸಿದ. ಗಂಗಪ್ಪ ಎದ್ದು ನಿಂತು, ಸತ್ತ ಹನಮಂತನ ಸಹಿಯನ್ನು ಎಲ್ಲರೆದುರು ಬರೆದು ತೋರಿಸಿದ, ಅದರ ಕೆಳಗೆ ತನ್ನದನ್ನು ಬರೆದ. ಪರಿಹಾರದ ಆದೇಶ ರೇಣವ್ವನ ಹೆಸರಿಗೆ ಆಯಿತು. ಅದಕ್ಕೆ ಮಳೆಗಾಲ ಕಳೆಯಬೇಕಾಯಿತು.

ಜೀಪಿನಲ್ಲಿ ಹೋದ ಆ ದಿನ ನಾವು ಆಸ್ಪತ್ರೆ ಮುಟ್ಟಿದಾಗ ಮೂರು ಗಂಟೆ. ಶವಾಗಾರದ ಮುಂದಿನ ಬೆಂಚಿನಲ್ಲಿ ಕೂತೆವು. ಒಳಗಿನಿಂದ ಗುಮಾಸ್ತ ಪುಸ್ತಕ ಹಿಡಿದು ಬಂದ.

“ಮಲ್ಲಪ್ಪನ ಕಡೆಯವರು ಯಾರು?”

ನಾವ್ಯಾರೂ ಏಳಲಿಲ್ಲ. ಅವನು ಕನ್ನಡಕ ಸರಿಮಾಡಿಕೊಂಡು ಇನ್ನೊಮ್ಮೆ ಕೂಗಿದ. ಗಂಗಪ್ಪ ತಲೆ ತಗ್ಗಿಸಿದ.

ರೇಣವ್ವ ಎದ್ದು ಸೆರಗು ಸರಿಮಾಡಿಕೊಂಡಳು.

“ಮಲ್ಲಪ್ಪ ಅಂತ ಇಲ್ಲಿ ಯಾರೂ ಇಲ್ರಿ. ನಾವು ಶಿವಾನಂದನ ಕಡೆಯವರು,” ಎಂದಳು. ಗುಮಾಸ್ತ ಆ ಹೆಸರನ್ನು ಬರೆದು ಮುಗಿಸುವವರೆಗೂ ಅವಳು ಅಲ್ಲೇ, ಪುಸ್ತಕದ ಎದುರಿಗೆ ನಿಂತಿದ್ದಳು.