ನನ್ನ ಸೀಟು ಕಿತ್ತುಕೊಂಡ ವಿಯೆಟ್ನಾಮಿ ಮಾತು

ಕೇಳಿರಿ ಮಹಾಜನಗಳೇ, ಒಂದು ವಿಯೆಟ್ನಾಮಿ ಕ್ರಿಯಾಪದ ಇಂದು ನನ್ನ ಸೀಟು ಕಿತ್ತುಕೊಂಡಿತು.

ನನ್ನನ್ನೂ ಧಾರವಾಡದ ರವಿಯನ್ನೂ ದಿನಾ ಜರ್ಮನಿಯ ಶ್ವೀಬರ್ಡಿಂಗೆನ್ ಊರಿನ ಆಫೀಸಿಗೆ ತನ್ನ ಕಾರಿನಲ್ಲಿ ಕರೆದೊಯ್ಯುವವಳು ಹನೋಯ್‌ನ ಸಹೋದ್ಯೋಗಿ ಲಾನ್. ಮಾಲೀಕ ಮನೆ ಖಾಲಿ ಮಾಡು ಎಂದದ್ದನ್ನು ಅವಳು ಇಂದು ಬೆಳಿಗ್ಗೆ ಹೇಳತೊಡಗಿದಳು. ನಾನು ಪ್ರತಿ ವಾಕ್ಯದ ನಡುವೆಯೂ ಅಮೂಲ್ಯ ಸಲಹೆ ಕೊಟ್ಟೆ. ಸ್ವಲ್ಪ ಗಟ್ಟಿಯಾಗಿ, ಕೊನೆಯ ಸಾಲಿನ ಪ್ರೇಕ್ಷಕನಿಗೂ ಮುಟ್ಟುವಂತೆ.

“ಇದಕ್ಕೆ ನಮ್ಮಲ್ಲಿ ‘ನೋಯ್ ಲೆಯೊ’ ಅಂತಾರೆ. ಇನ್ನೊಬ್ಬರ ಮಾತಿನ ಮೇಲೆ ಹತ್ತಿ ಮಾತಾಡೋದು. ಮಕ್ಕಳಿಗೆ ಹಾಗೆ ಬೈತೀವಿ,” ಎಂದಳು.

ನಾನು ಪುಳಕಿತನಾದೆ. ನಮ್ಮ ಬಾಯಿ ಹಾಕುವುದು, ಬಾಯಿ ಬಡಿಯುವುದು, ಬಾಯಿ ಬಿಡಿಸುವುದು ಎಲ್ಲವನ್ನೂ ಅಭಿನಯಸಹಿತ ವಿವರಿಸಿದೆ. ಆಫೀಸು ಬಂತು, ಅವಳ ಕಥೆ ಮಾತ್ರ ಅರ್ಧಕ್ಕೇ ನಿಂತಿತ್ತು.

“ನಾಳೆಯಿಂದ ನೀನು ರೈಲಲ್ಲಿ ಬಾ,” ಎಂದಳು ಲಾನ್.

“ಆಕಿ ಮನಿ ಕಳ್ಕೊಳ್ಳಾಕತ್ತಾಳ. ಒಂಚೂರು ಸುಮ್ನ ಕೇಳಬಾರದೇನಲೇ ದೋಸ್ತ?” ಎಂದ ರವಿ.

ಸುಮ್ಮನೆ ಕೇಳಲಿಕ್ಕೆ ಅವನಿದ್ದನಲ್ಲ. ಇರಲಿ, ಕಾರಿನಲ್ಲಿ ಪ್ರೇಕ್ಷಕರು ಇಬ್ಬರೇ, ರೈಲಿನಲ್ಲಿ ಬೋಗಿ ತುಂಬ. ಬೆಳಗಿನ ರೈಲಿನಲ್ಲಿ ಈ ಜರ್ಮನರು ತುಟಿ ಬಿಚ್ಚುವುದಿಲ್ಲ. ಪಾಪ, ಇಷ್ಟು ವರ್ಷ ನನಗಾಗಿಯೇ ಕಾಯುತ್ತಿದ್ದರೆಂದು ಕಾಣುತ್ತದೆ.