ತಾಂಡೂರಿನ ಇಂಗ್ಲಿಷು ಮತ್ತು ನನ್ನ ಅನುಮಾನ

೨೦೦೧ರಲ್ಲಿ, ಏಳನೇ ತರಗತಿ ಮುಗಿಸಿ ನಾನು ಓದು ನಿಲ್ಲಿಸಿದೆ. ತೆಲಂಗಾಣದ ಗಡಿಯಲ್ಲಿ, ಮನೂರಿನ ಹತ್ತಿರದ ನಮ್ಮ ಹಳ್ಳಿಯಲ್ಲಿ ಕನ್ನಡ ಶಾಲೆ ಅಲ್ಲಿಗೇ ಮುಗಿಯುತ್ತಿತ್ತು. ಮುಂದಿನದಕ್ಕೆ ನಾರಾಯಣಖೇಡಕ್ಕೆ ಹೋಗಿ ತೆಲುಗಿನಲ್ಲಿ ಓದಬೇಕು. ಅಪ್ಪ ಕುರಿ ಹಿಂಡು ತೋರಿಸಿದ, ಅದರ ಹಿಂದೆ ಹೋದೆ. ನಾಚಿಕೆಯೇನಿಲ್ಲ. ಅಂದಿನಿಂದ ನನ್ನ ರೊಟ್ಟಿ ನಾನೇ ದುಡಿದು ತಿಂದಿದ್ದೇನೆ.

ಆದರೆ ಹಿಂಡನ್ನೂ ಹೆಂಡತಿಯನ್ನೂ ಊರಲ್ಲಿ ಬಿಟ್ಟು ತಾಂಡೂರಿಗೆ ಬಂದ ಮೊದಲ ವಾರ ಬೆವರು ಬಿಟ್ಟಿತು. ನೆಲಕ್ಕೆ ಹಾಸುವ ಫರ್ಸಿ ಕಲ್ಲು ಪಾಲಿಶ್ ಮಾಡುವ ಕಾರ್ಖಾನೆಯ ಕೆಲಸ. ಮ್ಯಾನೇಜರ್ ಶಿವರಾಜ ಸಾರು ನನ್ನ ಕಡೆ ನೋಡುತ್ತಲೇ ಫೋನಿನಲ್ಲಿ ಯಾರಿಗೋ "ದ ಬಾಲ್ ಇಸ್ ಇನ್ ದೇರ್ ಕೋರ್ಟ್" ಅಂದರು. ಸುತ್ತ ಎಲ್ಲೂ ಚೆಂಡು ಕಾಣಲಿಲ್ಲ. ಕೋರ್ಟು ಮಾತ್ರ ತಲೆಯಲ್ಲಿ ಉಳಿಯಿತು. ಯಾರು ಕೇಸು ಹಾಕಿದರು, ನಾನೇನು ಮಾಡಿದೆ ಎಂದು ಆ ಮಧ್ಯಾಹ್ನ ಊಟ ಸೇರಲಿಲ್ಲ.

ಊರಲ್ಲಿರುವವರಿಗೆ ತಾಂಡೂರು ಹತ್ತಿರ ಅನಿಸಬಹುದು. ಹತ್ತಿರವಲ್ಲ. ನಮ್ಮ ನೆಲ ಕಪ್ಪು, ಇಲ್ಲಿ ಎಲ್ಲ ಬೂದು. ಕಲ್ಲಿನ ಪುಡಿ ನೀರಿನಲ್ಲಿ ಕಲಸಿ ಕಾಲಿಗೆ ಮೆತ್ತುತ್ತದೆ, ಒಣಗಿದರೆ ಸುಣ್ಣ ಬಳಿದಂತೆ ಕಾಣುತ್ತದೆ. ಜೋಳದ ರೊಟ್ಟಿ ಬೇಕೆಂದರೆ ಹುಡುಕಿಕೊಂಡು ಹೋಗಬೇಕು. ಬೈಯಲು ತೆಲುಗು, ಚೌಕಾಸಿಗೆ ಉರ್ದು, ಮನೆಯೊಳಗೆ ಕನ್ನಡ. ಈ ಮೂರೂ ನನಗೆ ಬರುತ್ತವೆ. ನಾಲ್ಕನೆಯದು ಇಂಗ್ಲಿಷು. ನನಗೆ ತಿಳಿಯಬಾರದ ಮಾತಿಗೇ ಅದನ್ನು ಇಟ್ಟುಕೊಂಡಿದ್ದಾರೆ ಎಂದು ನನ್ನ ಅನುಮಾನ. ಶಿವರಾಜ ಸಾರು ಮೊಗುಡಂಪಲ್ಲಿ ಕಡೆಯವರು, ನಮ್ಮ ಮಾತು ಬಲ್ಲವರು. ಆದರೂ ಆಫೀಸಿನೊಳಗೆ ಅವರ ಬಾಯಲ್ಲಿ ಕನ್ನಡ ಬರುವುದಿಲ್ಲ. ಕುರಿ ಬಜಾರಿನಲ್ಲಿ ದಲಾಲರು ಟವೆಲ್ ಕೆಳಗೆ ಬೆರಳು ಹಿಡಿದು ದರ ಗೊತ್ತುಮಾಡುತ್ತಾರಲ್ಲ, ಮೇಲೆ ಮಳೆ ಬೆಳೆ ವಿಚಾರಿಸುತ್ತ? ಈ ಇಂಗ್ಲಿಷ್ ನುಡಿಗಟ್ಟುಗಳೂ ನನಗೆ ಹಾಗೇ ಕಂಡವು. ಮೇಲೆ ಚೆಂಡು, ಕೆಳಗೆ ದರ. ಯಾರ ದರ ಅನ್ನುವುದೇ ಚಿಂತೆ.

ಅದಕ್ಕೇ ಕಲಿಯಲು ಹೊರಟೆ. ನಾನು ಬಾಡಿಗೆಗಿದ್ದ ಕೋಣೆಯ ಮಾಲೀಕರ ಸೊಸೆ ರೇವತಿ, ಇಂಗ್ಲಿಷ್ ಮೀಡಿಯಂ ಶಾಲೆಯಲ್ಲಿ ಕಲಿಸುತ್ತಾರೆ. ಜಹೀರಾಬಾದಿನ ಹೆಣ್ಣುಮಗಳು, ಮನೆಮಾತು ಕನ್ನಡ. ವಯಸ್ಸಿನಲ್ಲಿ ಚಿಕ್ಕವರಾದರೂ ಟೀಚರಲ್ಲವೇ, ನಾನು ಅಕ್ಕೋರು ಅಂತಲೇ ಕರೆಯುವುದು. ಸಂಜೆ ನಳದ ಹತ್ತಿರ ನೀರು ತುಂಬುವಾಗ ಆ ದಿನ ಕೇಳಿದ್ದನ್ನು ಹೇಳುತ್ತಿದ್ದೆ, ಅವರು ಬಿಡಿಸಿ ಹೇಳುತ್ತಿದ್ದರು. ಚೆಂಡು ಅವರ ಕೋರ್ಟಿನಲ್ಲಿದೆ ಅಂದರೆ ಮುಂದಿನ ಹೆಜ್ಜೆ ಅವರೇ ಇಡಬೇಕು ಅಂತ. ಆಟದ ಅಂಗಳಕ್ಕೂ ಕೋರ್ಟು ಅನ್ನುತ್ತಾರಂತೆ. ಅರ್ಥ ಗೊತ್ತಾದರೆ ಸಾಲದು, ಯಾರ ಮುಂದೆ ಯಾವಾಗ ಆಡಬೇಕು ಅನ್ನುವುದು ಬೇರೆಯೇ ವಿದ್ಯೆ ಎಂದೂ ಹೇಳಿದ್ದರು. ನಾನು ಕೇಳಬೇಕಲ್ಲ. ಕಾರ್ಖಾನೆಯ ಧಣಿ ಲಾರಿ ತುಂಬಲು ಅವಸರ ಮಾಡಿದಾಗ "ಹೋಲ್ಡ್ ಯುವರ್ ಹಾರ್ಸಸ್ ರೀ" ಅಂದುಬಿಟ್ಟೆ. ರೀ ಹಚ್ಚಿದ್ದೇನೆ, ಮರ್ಯಾದೆ ಬಂತು ಅಂದುಕೊಂಡಿದ್ದೆ. ದೊಡ್ಡವರಿಗೆ ಸ್ವಲ್ಪ ತಡಿ ಎಂದು ಗದರಿದಂತೆ ಆಗುತ್ತದಂತೆ. ಧಣಿ ನನ್ನನ್ನು ಚಪ್ಪಲಿಯಿಂದ ತಲೆಯವರೆಗೆ ಒಮ್ಮೆ ನೋಡಿ ಲಾರಿಯ ಕಡೆ ನಡೆದರು.

ಒಮ್ಮೆ ಮಾತ್ರ ಜಗಳಕ್ಕೇ ನಿಂತೆ. "ಬ್ಲ್ಯಾಕ್ ಶೀಪ್" ಅಂದರೆ ಮನೆತನಕ್ಕೆ ಕೆಟ್ಟ ಹೆಸರು ತಂದವನಂತೆ. ನಮ್ಮ ಹಿಂಡೆಲ್ಲ ಕರಿ ಕುರಿಯೇ, ಕಂಬಳಿಗೆ ಆ ಉಣ್ಣೆಯೇ ಬೇಕು.

"ಅಕ್ಕೋರ, ಈ ಮಾತು ಕಟ್ಟಿದಾಂವ ಕುರಿ ಕಾದಾಂವ ಅಲ್ಲರಿ," ಅಂದೆ.

"ಕಾದಾಂವನೇ ಇರಬೇಕು ಬೀರಪ್ಪಣ್ಣ. ಅವನ ಊರಾಗ ಕುರಿ ಬೆಳ್ಳಗ ಇರ್ತಾವ," ಅಂದರು.

ಅದನ್ನು ಕಲಿತಿದ್ದೇನೆ, ಆಡುವುದಿಲ್ಲ. ನಿಜ ಹೇಳಬೇಕೆಂದರೆ ಅಕ್ಕೋರನ್ನೂ ಪೂರ್ತಿ ನಂಬಿರಲಿಲ್ಲ. ಅವರ ಗಂಡನ ಲಾರಿಗಳು ನಮ್ಮ ಕಾರ್ಖಾನೆಯ ಕಲ್ಲನ್ನೇ ಸಾಗಿಸುತ್ತವೆ. ಹಾಗಾಗಿ ಅವರು ಹೇಳಿದ್ದನ್ನು ಔಷಧಿ ಅಂಗಡಿಯವರ ಹತ್ತಿರ ಇನ್ನೊಮ್ಮೆ ಕೇಳಿ ನೋಡುತ್ತಿದ್ದೆ.

ಕಳೆದ ಬೇಸಿಗೆಯಲ್ಲಿ ಹೈದರಾಬಾದಿನ ಸಾಹುಕಾರರೊಬ್ಬರು ಧಣಿಯ ಜೊತೆ ಪಾಲುದಾರರಾದರು. ಯಾರನ್ನು ಇಟ್ಟುಕೊಳ್ಳುತ್ತಾರೆ, ಯಾರನ್ನು ಮನೆಗೆ ಕಳಿಸುತ್ತಾರೆ ಎಂದು ಎಲ್ಲರಿಗೂ ಭಯ. ಒಂದು ದಿನ ಶಿವರಾಜ ಸಾರು ಫೋನಿನಲ್ಲಿ ಯಾರಿಗೋ ನನ್ನ ಹೆಸರು ಹೇಳಿ "ವರ್ತ್ ಹಿಸ್ ವೇಟ್ ಇನ್ ಗೋಲ್ಡ್" ಅಂದರು. ಅಕ್ಕೋರನ್ನು ಕೇಳಿದೆ, ಔಷಧಿ ಅಂಗಡಿಯಲ್ಲೂ ಕೇಳಿದೆ. ಇಬ್ಬರದೂ ಒಂದೇ ಉತ್ತರ: ತೂಕಕ್ಕೆ ತೂಕ ಬಂಗಾರ ಕೊಟ್ಟರೂ ಸರಿಯೇ, ಅಷ್ಟು ಉಪಯೋಗದ ಮನುಷ್ಯ. ಹೊಗಳಿದ್ದಾರೆ, ಪೇಡೆ ಕೊಡಿಸು ಅಂದರು ಅಕ್ಕೋರು.

ನಾನು ಪೇಡೆ ಕೊಡಿಸಲಿಲ್ಲ. ಬಜಾರಿನಲ್ಲಿ ಕುರಿ ಕೊಳ್ಳಬೇಕೆಂದಿರುವವನು ಬಾಯಿ ಬಿಡಿಸಿ ಹಲ್ಲು ಸರಿಯಿಲ್ಲ ಅನ್ನುತ್ತಾನೆ, ಬೆನ್ನು ಒತ್ತಿ ಮಾಂಸವಿಲ್ಲ ಅನ್ನುತ್ತಾನೆ. ಇಟ್ಟುಕೊಳ್ಳುವವನು ಸುಮ್ಮನಿರುತ್ತಾನೆ. ಬೇರೆಯವರ ಮುಂದೆ ಹೊಗಳುವುದು ಮಾರಲು ತಂದವನು ಮಾತ್ರ.

ಮರುದಿನ ಬೆಳಿಗ್ಗೆ ನೇರ ಮ್ಯಾನೇಜರ್ ಕೋಣೆಗೆ ಹೋದೆ. "ಸಾರ್, ಯಾರಿಗಿ ಮಾರಾಕತ್ತೀರಿ ನನ್ನ?"

ಅವರು ಪೆನ್ನು ಕೆಳಗಿಟ್ಟರು. ಎದ್ದು ಬಾಗಿಲು ಮುಂದೆ ಮಾಡಿದರು. ಆ ಕೋಣೆಯಲ್ಲಿ ಮೊದಲ ಸಲ ಕನ್ನಡದಲ್ಲಿ ಮಾತಾಡಿದರು. "ಕುಂದ್ರು ಬೀರಪ್ಪ. ಮಾರಾಕತ್ತಿದ್ದು ಖರೇನೇ."

ಹೊಸ ಪಾಲುದಾರರು ತಾಂಡೂರಿನ ಆಚೆ ಮಗ್ಗುಲಿಗೆ ಇನ್ನೊಂದು ಕಾರ್ಖಾನೆ ತೆರೆಯುತ್ತಿದ್ದರು. ಅಲ್ಲಿಗೆ ಇನ್‌ಚಾರ್ಜ್ ಬೇಕು, ಸಾರು ನನ್ನ ಹೆಸರು ಕೊಟ್ಟಿದ್ದರು. ಆದರೆ ಒಂದು ಕರಾರು: ಹೆಂಡತಿಯನ್ನು ಕರೆತಂದು ಅಲ್ಲೇ ಕ್ವಾರ್ಟರ್ಸಿನಲ್ಲಿ ಇರಬೇಕು. ಒಂಟಿ ಗಂಡಸರು ಹಬ್ಬಕ್ಕೆ ಹೋದವರು ತಿರುಗಿ ಬರುವುದಿಲ್ಲ ಎಂದು ಆ ಸಾಹುಕಾರರಿಗೂ ಅನುಮಾನವಂತೆ. ಉತ್ತರ ಈಗಲೇ ಬೇಕು ಅಂದರು ಸಾರು.

"ಲೆಟ್ ಮಿ ಸ್ಲೀಪ್ ಆನ್ ಇಟ್, ಸಾರ್," ಅಂದೆ. ಇವತ್ತು ಯೋಚಿಸಿ ನಾಳೆ ಹೇಳುತ್ತೇನೆ ಅಂತ. ಸರಿಯಾದ ಜಾಗ, ಸರಿಯಾದ ಮನುಷ್ಯ, ರೀ ಹಚ್ಚಲಿಲ್ಲ. ಸಾರು ಹುಬ್ಬು ಏರಿಸಿದರು. ಯಾರು ಕಲಿಸಿದರು ಎಂದು ಕೇಳಿದರು, ನಾನು ಬಾಗಿಲು ತೆರೆದು ಹೊರಗೆ ಬಂದೆ.

ಊರಿಗೆ ಫೋನ್ ಮಾಡಿದೆ. ನನ್ನ ಹೆಂಡತಿ ಲಕ್ಷ್ಮವ್ವ ಬಂಗಾರದ ತೂಕದಿಂದ ಹಿಡಿದು ಕ್ವಾರ್ಟರ್ಸಿನವರೆಗೆ ನಾನು ಹೇಳಿದ್ದೆಲ್ಲ ಕೇಳಿಸಿಕೊಂಡಳು. ಹಿಂದೆ ಮರಿಗಳು ಕೂಗುತ್ತಿದ್ದವು.

"ನಿನ್ನ ಹೊಗಳ್ಯಾರ, ನೀ ಹೋಗು," ಅಂದಳು. "ನನ್ನ ಯಾರೂ ಹೊಗಳಿಲ್ಲ. ನಾ ಇಲ್ಲೇ ಇರ್ತೀನಿ."

ಆ ಮಾತಿನ ಕೆಳಗೂ ಇನ್ನೊಂದು ಮಾತಿದೆಯೇ ಎಂದು ತಡಕಿದೆ. ಇರಲಿಲ್ಲ.

ಮರುದಿನ ಶಿವರಾಜ ಸಾರಿಗೆ ನೆಟ್ಟಗೆ ಹೇಳಿದೆ: ಒಬ್ಬನೇ ಬರುತ್ತೇನೆ, ಶನಿವಾರ ಸಂಜೆ ಊರಿಗೆ ಹೋಗುತ್ತೇನೆ, ಸೋಮವಾರ ಬೆಳಿಗ್ಗೆ ಗೇಟಿನಲ್ಲಿ ನಾನಿಲ್ಲದಿದ್ದರೆ ಕೆಲಸದಿಂದ ತೆಗೆಯಿರಿ. ಎರಡು ದಿನ ಬಿಟ್ಟು ಸಾಹುಕಾರರು ಒಪ್ಪಿದರು. ಎಷ್ಟು ದಿನ ಒಪ್ಪಿರುತ್ತಾರೋ, ಆ ಅನುಮಾನ ಇದ್ದೇ ಇದೆ.

ಮನೂರಿನಲ್ಲಿ ಶೇರ್ ಆಟೋ ಇಳಿಯುತ್ತಿದ್ದಂತೆ ಯಾವಾಗ ಬಂದಿ ಅನ್ನುತ್ತಾರೆ, ಅದೇ ಉಸಿರಿನಲ್ಲಿ ಯಾವಾಗ ಹೋಗ್ತಿ ಅನ್ನುತ್ತಾರೆ. ತಾಂಡೂರಿನಲ್ಲಿ ಶನಿವಾರ ಚೀಲ ಹಿಡಿದರೆ ಊರಿಗೇನು ಅನ್ನುತ್ತಾರೆ. ಅಲ್ಲಿಯವರಿಗೆ ನಾನು ಇಲ್ಲಿಯವನು, ಇಲ್ಲಿಯವರಿಗೆ ಅಲ್ಲಿಯವನು.

ಈಗ ನನ್ನ ಹತ್ತಿರ ಇರುವುದು ಇಷ್ಟು. ಊರಿನಲ್ಲಿ ಹೆಂಡತಿ, ಮೂವತ್ತೆರಡು ಕುರಿ. ತಾಂಡೂರಿನಲ್ಲಿ ಕೈಕೆಳಗೆ ಹನ್ನೊಂದು ಜನ. ಅಳುಕಿಲ್ಲದೆ ಆಡಬಲ್ಲ ಇಂಗ್ಲಿಷ್ ನುಡಿಗಟ್ಟು ಒಂಬತ್ತು. ಕ್ವಾರ್ಟರ್ಸಿನಲ್ಲಿ ಎರಡು ಕೋಣೆ, ಒಂದು ಖಾಲಿ.